ಒಂದನೇ ಜಾಡಿಯ ಬಿಳುಪು

ಸೆಪ್ಟೆಂಬರ್ 2, ಮಂಗಳವಾರ

ಈ ಮನೆಯಲ್ಲಿ ಒಂದು ಅನ್ಯಾಯ ನಡೆಯುತ್ತಿದೆ. ನನ್ನ ಸೋದರಮಾವ ನಲವತ್ತೊಂದು ಗಾಜಿನ ಜಾಡಿಗಳಲ್ಲಿ ಪೈಪಿನ ತಂಬಾಕು ತುಂಬಿ, ಮುಚ್ಚಳ ಬಿಗಿದು, ಹಿಂದಿನ ಕೋಣೆಯ ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದಾನೆ. ಸೇದುವುದು ಭಾನುವಾರ ಒಂದೇ ಒಂದು ಪೈಪು. ಉಳಿದದ್ದೆಲ್ಲ ವರ್ಷಗಟ್ಟಲೆ ಕೂತು ಹಣ್ಣಾಗಬೇಕಂತೆ. ಎಲೆ ಕಿತ್ತವರು, ದಂಟು ಬಿಡಿಸಿದವರು, ಕತ್ತರಿಸಿದವರು, ಇಷ್ಟೊಂದು ಜನರ ದುಡಿಮೆ ಕತ್ತಲಲ್ಲಿ ಕೂತಿರುವುದು ಒಬ್ಬ ಮುದುಕನ ಮೂಗಿಗಾಗಿ. ಇದಕ್ಕೆ ಸಂಗ್ರಹಕೋರತನ ಎಂದು ಹೆಸರು. ನಾನು ಇಟ್ಟ ಹೆಸರಲ್ಲ, 'ದುಡಿಮೆ ಮತ್ತು ದಾಸ್ತಾನು' ಕರಪತ್ರದ ಎಂಟನೇ ಪುಟದಲ್ಲಿದೆ.

ಇನ್ನೊಂದು ಕರಪತ್ರದ ಪ್ರಕಾರ ತಂಬಾಕು ವಿಷ. ಹಾಗಾದರೆ ಈ ದಾಸ್ತಾನನ್ನು ಜನರಿಗೆ ಹಂಚಬೇಕೋ ನಾಶ ಮಾಡಬೇಕೋ? ಇಲ್ಲಿ ನನ್ನ ಎರಡು ಕರಪತ್ರಗಳು ಪರಸ್ಪರ ಮಾತು ಬಿಟ್ಟಿವೆ. ಉತ್ತರ ಹದಿನಾರನೇ ಪುಟದ ಆಚೆ ಇರಬಹುದು. ನನ್ನ ಕೆಲಸ ಮುದ್ರಣಾಲಯದಲ್ಲಿ ಹಾಳೆ ಮಡಚುವುದು. ಒಂದು ಹಾಳೆ ಮಡಚಿದರೆ ಹದಿನಾರು ಪುಟ. ಮೊದಲ ಹಾಳೆಯಲ್ಲೇ ಮಸಿ ಹೆಚ್ಚುಕಡಿಮೆಯಾಗಿ ಕೆಡುವುದು ಜಾಸ್ತಿ, ಕೆಟ್ಟದ್ದು ನನ್ನ ಚೀಲಕ್ಕೆ. ಎರಡನೇ ಹಾಳೆಯ ಹೊತ್ತಿಗೆ ಯಂತ್ರ ಸರಿಹೋಗಿರುತ್ತದೆ. ಹೀಗಾಗಿ ಜಗತ್ತಿನ ಅನ್ಯಾಯಗಳೆಲ್ಲ ನನಗೆ ಬಾಯಿಪಾಠ, ಪರಿಹಾರಗಳು ಮಾತ್ರ ಹದಿನೇಳನೇ ಪುಟದಿಂದ ಶುರುವಾಗುತ್ತವೆ.

ವಿಷಯಕ್ಕೆ ಬರುತ್ತೇನೆ. ನಿನ್ನೆ ಮಧ್ಯಾಹ್ನ ಮಾವ ಸ್ಟೂಲು ಹತ್ತಿ ಬೀರುವಿನ ಮೇಲಿನ ಅಡ್ಡಹಲಗೆಗೆ ಕೈ ಚಾಚಿದ. ಬಿದ್ದ. ತೊಡೆಯ ಮೂಳೆ ಮುರಿದಿದೆ. ಆಂಬುಲೆನ್ಸಿನಲ್ಲಿ ಮಲಗಿಸುವಾಗ ಕೇಳಿದ್ದು ಒಂದೇ ಮಾತು: "ಜಾಡಿ ಒಡೀತಾ?" ಇಲ್ಲ ಎಂದೆ. ಸಮಾಧಾನವಾಯಿತೋ ಬೇಸರವಾಯಿತೋ ಮುಖ ನೋಡಿ ಹೇಳಲಾಗಲಿಲ್ಲ.

ಮಾವನನ್ನು ಇಲ್ಲಿ ಏಕವಚನದಲ್ಲೇ ಬರೆಯುತ್ತೇನೆ, ಅದು ತತ್ವ. ಎದುರಿಗೆ ಮಾತ್ರ 'ನೀವು' ಎಂದೇ ಬರುತ್ತದೆ. ನಾಲಿಗೆ ಇನ್ನೂ ಸಂಘಟಿತವಾಗಿಲ್ಲ.

ಸೆಪ್ಟೆಂಬರ್ 4, ಗುರುವಾರ

ಆಸ್ಪತ್ರೆಗೆ ಹೋಗಿದ್ದೆ. ಕಾಲಿಗೆ ತೂಕ ಕಟ್ಟಿ ನೇತುಹಾಕಿದ್ದಾರೆ. ನಾಲ್ಕು ವಾರ ಅಲ್ಲೇ ಇರಬೇಕಂತೆ. ನನ್ನನ್ನು ನೋಡಿ, "ಬಾರೇ ಕರಪತ್ರ" ಎಂದ. ಅವನು ನನಗಿಟ್ಟ ಹೆಸರು. ಈಗ ಪಕ್ಕದ ಹಾಸಿಗೆಯವನೂ ಹಾಗೇ ಕರೆಯುತ್ತಾನೆ.

ಅಂಗಿಯ ಒಳಗಿಂದ ದಾರಕ್ಕೆ ಕಟ್ಟಿದ ಬೀಗದ ಕೈ ತೆಗೆದು ನನ್ನ ಕೈಗೆ ಕೊಟ್ಟ.

"ಮೂರು ಮಾತು. ಬಿಸಿಲು ಬೀಳಬಾರದು. ಜಾಗ ಬದಲಾಯಿಸಬಾರದು. ಮುಚ್ಚಳ ತೆರೀಬಾರದು."

"ಮತ್ತೆ ನಾನೇನು ಮಾಡ್ಲಿ? ಪೂಜೆ ಮಾಡ್ಲಾ?"

"ವಾರಕ್ಕೊಂದ್ಸಲ ಮುಚ್ಚಳದ ನಡುವೆ ಬೆರಳಿಟ್ಟು ಒತ್ತು. ಗಟ್ಟಿಯಾಗಿದ್ರೆ ಸರಿ. ಟಕ್ ಅಂತ ಒಳಗೆ ಹೋಗಿ ಮೇಲೆ ಬಂದ್ರೆ ಗಾಳಿ ಹೋಗಿದೆ ಅಂತ ಅರ್ಥ. ಅದರ ನಂಬರ್ ಬರ್ಕೊಂಡು ಬಾ. ಅಷ್ಟೇ. ತೆರೀಬೇಡ."

"ಇದೆಲ್ಲ ಶ್ರಮದ ಅಪಹರಣ ಅಂತ ಗೊತ್ತಾ ನಿಮಗೆ?"

"ಗೊತ್ತಿಲ್ಲ. ಆದ್ರೆ ನೆರಳಲ್ಲಿಡು."

ಇವನು ಮೂವತ್ತೊಂದು ವರ್ಷ ತಂಬಾಕು ಕಾರ್ಖಾನೆಯಲ್ಲಿ ದುಡಿದವನು. ಯಾವ ಎಲೆಯ ಜೊತೆ ಯಾವ ಎಲೆ ಎಷ್ಟು ಸೇರಬೇಕೆಂದು ಹೇಳುವ ಮಿಶ್ರಣದ ಮೇಸ್ತ್ರಿಯಾಗಿ ನಿವೃತ್ತನಾದ. ದುಡಿದವನೇ ದಾಸ್ತಾನು ಮಾಡಿದರೆ ಏನೆನ್ನಬೇಕು? ಎಂಟನೇ ಪುಟದಲ್ಲಿ ಇಲ್ಲ.

ಸೆಪ್ಟೆಂಬರ್ 7, ಭಾನುವಾರ

ವಾಚನ ಬಳಗದ ಸಭೆ ನನ್ನ ಕೋಣೆಯಲ್ಲಿ. ಪೂರ್ಣ ಹಾಜರಾತಿ, ಅಂದರೆ ಮೂವರು. ನಾನು, ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವನು, ಮತ್ತು ಬಿಸ್ಕತ್ತಿಗಾಗಿ ಬರುವ ಬೆರಳಚ್ಚಿನವಳು. ನಿರ್ಣಯ ಮಂಡಿಸಿದೆ: ಬೀಗದ ಕೈ ನಮ್ಮಲ್ಲಿರುವಾಗ ದಾಸ್ತಾನನ್ನು ನಾಶಪಡಿಸತಕ್ಕದ್ದು.

"ಆಸ್ಪತ್ರೇಲಿರೋರ ಸಾಮಾನು ಎಸೆಯೋದಾ?" ಎಂದಳು ಬೆರಳಚ್ಚಿನವಳು, ಬಾಯ್ತುಂಬ ಬಿಸ್ಕತ್ತು ಇಟ್ಟುಕೊಂಡು.

"ಸಾಮಾನಲ್ಲ, ದಾಸ್ತಾನು."

"ನಿನ್ನ ಕೋಣೆ ಯಾರದು?" ಎಂದ ಔಷಧಿ ಅಂಗಡಿಯವನು.

"ಮಾವಂದು."

"ಬಿಸ್ಕತ್ತು?"

"ಅದೂ ಮಾವಂದೇ."

ಮತಕ್ಕೆ ಹಾಕಿದೆವು. ಪರ ಒಂದು, ವಿರೋಧ ಎರಡು. ಬಹುಮತಕ್ಕೆ ತಲೆಬಾಗುವುದು ನನ್ನ ತತ್ವ. ನಿಜ ಹೇಳಬೇಕೆಂದರೆ ಸೋತದ್ದು ಹಿತವಾಗಿತ್ತು. ನಲವತ್ತೊಂದು ಜಾಡಿಗಳನ್ನು ಕೆಳಗಿಳಿಸಿ ಹೊತ್ತು ಹಾಕುವವರು ಯಾರು ಎಂದು ನಿರ್ಣಯದಲ್ಲಿ ಬರೆದಿರಲಿಲ್ಲ.

ಸೆಪ್ಟೆಂಬರ್ 8, ಸೋಮವಾರ

ಮುಚ್ಚಳ ಒತ್ತುವುದು ಮರೆತಿದ್ದೆ. ನನಗೇನೂ ಇಲ್ಲ. ಆದರೂ ಕೆಲಸದಿಂದ ಬೇಗ ಬಂದೆ.

ಸೆಪ್ಟೆಂಬರ್ 11, ಗುರುವಾರ

ಎಲ್ಲ ನಲವತ್ತೊಂದನ್ನೂ ಒತ್ತಿದೆ. ಗಟ್ಟಿ. ವಾರಕ್ಕೊಮ್ಮೆ ಎಂದಿದ್ದರು, ಇದು ನಾಲ್ಕು ದಿನದಲ್ಲಿ ಮೂರನೇ ಸಲ. ಖಚಿತವಾಗಿರಲಿ ಎಂದು.

ಒಂದೊಂದಕ್ಕೂ ಚೀಟಿ ಇದೆ. ತುಂಬಿದ ದಿನ, ಎಲೆಯ ಹೆಸರು, ಕೆಳಗೆ ಚಿಕ್ಕ ಅಕ್ಷರದಲ್ಲಿ ಏನಾದರೊಂದು ಮಾತು. "ಇನ್ನೂ ಜಗಳಗಂಟಿ, ಎರಡು ವರ್ಷ ಬಿಡಬೇಕು." "ಇದಕ್ಕೆ ಅವಸರ ಇಲ್ಲ, ನನಗೂ ಇಲ್ಲ." ಹೊಸದರಲ್ಲಿ ಎಲೆ ನಾಲಿಗೆಯನ್ನು ಕಚ್ಚುತ್ತದಂತೆ. ಮುಚ್ಚಿಟ್ಟು ಮರೆತರೆ ತನ್ನಷ್ಟಕ್ಕೆ ತಾನೇ ಮೆತ್ತಗಾಗುತ್ತದಂತೆ. ನನ್ನನ್ನು ಯಾವುದಾದರೂ ಜಾಡಿಗೆ ಹಾಕಿದರೆ ಚೀಟಿಯಲ್ಲಿ ಏನು ಬರೆದಾರು ಎಂದು ಯೋಚಿಸಿದೆ. ಯೋಚಿಸಬಾರದಿತ್ತು.

ಒಂದನೇ ನಂಬರಿನ ಜಾಡಿ ಮೇಲಿನ ಹಲಗೆಯ ತುದಿಯಲ್ಲಿ, ಹಿಂದಕ್ಕೆ ತಳ್ಳಿ ಇಟ್ಟದ್ದು. ಅದರ ಚೀಟಿಯಲ್ಲಿ ಎಲೆಯ ಹೆಸರಿಲ್ಲ. ಎರಡು ಬೇರೆ ಬೇರೆ ಕೈಗಳ ಸಹಿ, ಕೆಳಗೆ "ಹನ್ನೆರಡು ವರ್ಷ. ಇಬ್ಬರೂ ಇದ್ದಾಗ." ಭಾವುಕತೆ ಆಸ್ತಿಯ ತಂಗಿ.

ಭಾನುವಾರದ ಭಾಷಣವನ್ನು ಜಾಡಿಗಳ ಮುಂದೆ ಅಭ್ಯಾಸ ಮಾಡಿದೆ. ನಲವತ್ತೊಂದು ಶ್ರೋತೃಗಳು, ಒಬ್ಬರೂ ನಡುವೆ ಎದ್ದು ಹೋಗಲಿಲ್ಲ. ನನ್ನ ಜೀವನದ ಅತಿ ದೊಡ್ಡ ಸಭೆ.

ಸೆಪ್ಟೆಂಬರ್ 14, ಭಾನುವಾರ

ಇವತ್ತು ನಾನು ಮೊದಲ ಬಾರಿಗೆ ಒಂದು ಕ್ರಿಯೆ ಮಾಡಿದೆ. ಮಾತಲ್ಲ, ಕ್ರಿಯೆ.

ಬೆಳಿಗ್ಗೆ ಧೂಳು ಒರೆಸಲು ಸ್ಟೂಲು ಹತ್ತಿದ್ದೆ. ಬಾಗಿಲಿನ ಸಂದಿಯಿಂದ ಒಂದು ಗೆರೆ ಬಿಸಿಲು ಒಂದನೇ ಜಾಡಿಯ ಮೇಲೆ ಬಿತ್ತು. ಮರೆ ಮಾಡಲು ಕೈ ಅಡ್ಡ ಹಿಡಿದಾಗ ಒಳಗಿನದು ಕಂಡಿತು. ಇದರಲ್ಲಿರುವುದು ಬಿಡಿ ಎಳೆಯಲ್ಲ, ಒತ್ತಿ ಮಾಡಿದ ಬಿಲ್ಲೆ. ಅಂಗೈ ಅಗಲ, ನೆನೆದ ಮರದಷ್ಟು ಕಪ್ಪು. ಅದರ ಮೈತುಂಬ ಬಿಳಿ. ಸಣ್ಣ ಸಣ್ಣ ಕಣ, ಒಂದೊಂದೂ ಹೊಳೆಯುತ್ತಿತ್ತು.

ಬೂಷ್ಟು.

'ಮನೆ ಮತ್ತು ಆರೋಗ್ಯ' ಕರಪತ್ರದ ಹನ್ನೊಂದನೇ ಪುಟ ಸ್ಪಷ್ಟವಾಗಿದೆ: ಕೂಡಿಟ್ಟ ಪದಾರ್ಥದ ಮೇಲೆ ಬಿಳಿ ಕಂಡರೆ ತಡಮಾಡದೆ ಎಸೆಯಿರಿ, ಇಲ್ಲದಿದ್ದರೆ ಅದು ಪಕ್ಕದ ಪಾತ್ರೆಗಳಿಗೂ ಹಬ್ಬುತ್ತದೆ. ಉಳಿದ ನಲವತ್ತು ಜಾಡಿಗಳ ಗತಿಯೇನು? ಅಪ್ಪಣೆ ಕೇಳುತ್ತ ಕೂತರೆ ಎಲ್ಲವೂ ಹೋಗುತ್ತದೆ.

ಮುಚ್ಚಳ ತಿರುಗಿಸಿದೆ. ಒಳಗಿಂದ ಒಂದು ನಿಟ್ಟುಸಿರು ಬಂತು. ವಾಸನೆ ಹೇಗಿರುತ್ತದೋ ಎಂದು ಮೂಗು ಮುಚ್ಚಿಕೊಂಡಿದ್ದೆ, ಆದರೆ ಎರಡೂ ಕೈ ಬೇಕಾಯಿತು. ಪ್ರಾಮಾಣಿಕವಾಗಿ ಬರೆಯಬೇಕು: ಒಣದ್ರಾಕ್ಷಿ, ಹೊಸ ಚರ್ಮದ ಚಪ್ಪಲಿ, ಮುದ್ರಣಾಲಯದಲ್ಲಿ ರಟ್ಟಿಗೆ ಹಚ್ಚುವ ಅಂಟು. ಕೆಟ್ಟದಾಗಿರಲಿಲ್ಲ. ವಿಷ ಹೀಗೇ ಮರುಳು ಮಾಡುತ್ತದೆ.

ಮುಂದಿನ ಸಭೆಯಲ್ಲಿ ಬಳಗಕ್ಕೆ ಸಾಕ್ಷ್ಯವಾಗಿ ತೋರಿಸಲು ಹೆಬ್ಬೆರಳಿನಷ್ಟು ತುಂಡನ್ನು ಚಾಕುವಿನಿಂದ ಕತ್ತರಿಸಿ ಕೆಟ್ಟ ಹಾಳೆಯಲ್ಲಿ ಸುತ್ತಿಟ್ಟೆ. ಉಳಿದದ್ದನ್ನು ಬೀದಿ ತಿರುವಿನ ಕಸದ ತೊಟ್ಟಿಗೆ ಹಾಕಿ, ಗಾಡಿ ಬಂದು ಒಯ್ಯುವ ತನಕ ಅಲ್ಲೇ ನಿಂತಿದ್ದೆ. ಯಾರಾದರೂ ಎತ್ತಿಕೊಂಡು ಕಾಯಿಲೆ ಬಿದ್ದರೆ? ಜಾಡಿಯನ್ನು ಕುದಿಯುವ ನೀರು, ಸೋಪು ಹಾಕಿ ಮೂರು ಸಲ ತೊಳೆದೆ. ಚೀಟಿ ಕಿತ್ತುಹೋಯಿತು.

ನಲವತ್ತು ಉಳಿಸಿದ್ದೇನೆ. ಆತ್ಮಪ್ರಶಂಸೆ ಸಲ್ಲದು, ಆದರೂ ಬರೆದಿಡುತ್ತೇನೆ.

ಸೆಪ್ಟೆಂಬರ್ 15, ಸೋಮವಾರ

ಮಾವನಿಗೆ ಹೇಳಿದೆ. ಬೈಗುಳಕ್ಕೆ ಸಿದ್ಧಳಾಗಿ, ಉತ್ತರವನ್ನೂ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ.

"ಒಂದನೇ ಜಾಡಿಗೆ ಬೂಷ್ಟು ಬಂದಿತ್ತು ಮಾವ. ಎಸೆದುಬಿಟ್ಟೆ."

ಅವರು ಫ್ಯಾನು ನೋಡಿದರು. ಫ್ಯಾನು ಮೂರು ಸುತ್ತು ಹಾಕಿತು.

"ಪೂರ್ತಿ?"

"ಪೂರ್ತಿ. ಜಾಡಿ ತೊಳೆದಿದ್ದೀನಿ."

"ಬೂಷ್ಟು ಅಂದಿದ್ದು ನೀನು ತಾನೆ? ನಾನಲ್ಲ."

"ನಾನೇ. ಕಣ್ಣಾರೆ ನೋಡಿದೆ."

"ಒಳ್ಳೇದಾಯ್ತು ಬಿಡು" ಎಂದರು, ಗೋಡೆಯ ಕಡೆ ತಿರುಗಿ. ನಾನು ತಂದ ಬ್ರೆಡ್ಡು ಮುಟ್ಟಲಿಲ್ಲ.

ಅಪ್ಪಣೆ ಮೀರಿದ್ದಕ್ಕೆ ಒಂದು ಬೈಗುಳವೂ ಇಲ್ಲ. ನನಗೆ ಅವಮಾನವಾಯಿತು. ದಂಗೆ ಎದ್ದವಳನ್ನು ಕನಿಷ್ಠ ಗದರಿಸಬೇಕು.

ಸೆಪ್ಟೆಂಬರ್ 17, ಬುಧವಾರ

ಸಂಜೆ ಬಾಗಿಲು ಬಡಿದ ಸದ್ದು. ತೆಗೆದರೆ ಒಬ್ಬ ಮುದುಕರು. ತೆಳ್ಳಗೆ, ಇಸ್ತ್ರಿ ಮಾಡಿದ ಅಂಗಿ, ಕೈಗಳು ಮಾತ್ರ ಬೇರೆ ಯಾರದೋ ದೊಡ್ಡ ಮನುಷ್ಯನದು. ಹಿಂದಿನ ಬೀದಿಯಲ್ಲಿ ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿರುವವರು. ಮಾವನ ಕಾರ್ಖಾನೆಯಲ್ಲಿ ಒತ್ತುಯಂತ್ರ ನಡೆಸುತ್ತಿದ್ದರು. ಅವರನ್ನು ಎಲ್ಲರೂ 'ಬೂಷ್ಟು' ಎನ್ನುವುದು ಕೇಳಿದ್ದೆ. ಯಾಕೆಂದು ಗೊತ್ತಿರಲಿಲ್ಲ.

"ಬಿದ್ದನಂತೆ ನಿಮ್ಮ ಮಾವ."

"ಆಸ್ಪತ್ರೇಲಿದ್ದಾರೆ. ನೋಡ್ಕೊಂಡು ಬನ್ನಿ."

"ಹನ್ನೆರಡು ವರ್ಷದಿಂದ ಮಾತಿಲ್ಲ ಕಣಮ್ಮ. ಮಲಗಿರೋನ ಮುಂದೆ ಹೋಗಿ ನಿಂತ್ರೆ ಗೆದ್ದೋನ ಹಾಗೆ ಕಾಣ್ತೀನಿ. ಬೇಡ." ಆಮೇಲೆ ಹಿಂದಿನ ಕೋಣೆಯತ್ತ ಕತ್ತು ಚಾಚಿದರು. "ಒಂದನೇ ಜಾಡಿ ಇದೆಯಾ? ಬಿಳಿ ಕೂತಿದೆಯಾ ಅದರಲ್ಲಿ?"

"ಯಾಕೆ?" ಎಂದೆ.

ಅವರು ಹೊಸ್ತಿಲ ಮೇಲೇ ಕೂತು ಹೇಳಿದರು. ಹನ್ನೆರಡು ವರ್ಷದ ಹಿಂದೆ ಕಾರ್ಖಾನೆಗೆ ಬಿಲ್ಲೆ ತಂಬಾಕಿನ ದೊಡ್ಡ ಬೇಡಿಕೆ ಬಂತಂತೆ. ಇವರು ತಮ್ಮ ಕೈಯ ಅಂದಾಜಿನಂತೆ ನಿಯಮಕ್ಕಿಂತ ಒಂದು ಸುತ್ತು ಬಿಗಿಯಾಗಿ ಒತ್ತಿದರು. ಮಿಶ್ರಣದ ಮೇಸ್ತ್ರಿ, ಅಂದರೆ ನನ್ನ ಮಾವ, ವ್ಯವಸ್ಥಾಪಕರ ಮುಂದೆ ಬಿಲ್ಲೆ ಮುರಿದು ನೋಡಿ, "ಇದು ಸತ್ತ ಒತ್ತು. ಉಸಿರಾಡಕ್ಕೆ ಜಾಗ ಇಲ್ಲ, ಒಳಗಿಂದ ಬೂಷ್ಟು ಬರುತ್ತೆ" ಎಂದರು. ಮಾಡಿದ್ದನ್ನೆಲ್ಲ ಪುಡಿ ಮಾಡಿಸಿದರು. ಇವರನ್ನು ಯಂತ್ರದಿಂದ ಇಳಿಸಿ ಪೆಟ್ಟಿಗೆ ಜೋಡಿಸಲು ಹಾಕಿದರು.

"ಅದಕ್ಕೆ ಮುಂಚೆ ನನಗೆ 'ಇಕ್ಕಳ' ಅಂತಿದ್ರು. ಹಿಡಿದರೆ ಬಿಡ್ತಿರಲಿಲ್ಲ ಅಂತ. ಆಮೇಲೆ ನಿವೃತ್ತಿ ಆಗೋವರೆಗೆ ಏಳು ವರ್ಷ 'ಬೂಷ್ಟು', ಈಗಲೂ ಅದೇ. ಮೊಮ್ಮಗಳು ಶಾಲೆಯಿಂದ ಬಂದು ಕೇಳ್ತಾಳೆ, ತಾತ, ನಿನ್ನ ಯಾಕೆ ಹಾಗಂತಾರೆ ಅಂತ."

ಮುರಿಯದೆ ಉಳಿದ ಒಂದೇ ಒಂದು ಬಿಲ್ಲೆಯನ್ನು ಇಬ್ಬರೂ ಸೇರಿ ಜಾಡಿಗೆ ಹಾಕಿ ಸಹಿ ಮಾಡಿದರಂತೆ. ಹನ್ನೆರಡು ವರ್ಷ ಬಿಟ್ಟು ತೆರೆಯುವುದು. ಒತ್ತು ತಪ್ಪಿದ್ದರೆ ಬೂಷ್ಟು ಹಿಡಿದಿರುತ್ತದೆ. ಸರಿಯಿದ್ದರೆ ಎಲೆಯೊಳಗಿನ ಸಕ್ಕರೆ ನಿಧಾನಕ್ಕೆ ಮೇಲೆ ಬಂದು ಬಿಳಿ ಹರಳಾಗಿ ಕೂತಿರುತ್ತದೆ.

"ಎರಡೂ ಬಿಳೀನೇ. ಬೂಷ್ಟಿಗೆ ಕೂದಲಿರುತ್ತೆ, ಒದ್ದೆ ಗೋಣಿ ವಾಸನೆ ಬರುತ್ತೆ. ಹರಳು ಹೊಳೆಯುತ್ತೆ. ಈ ತಿಂಗಳ ಕೊನೇ ಭಾನುವಾರಕ್ಕೆ ಹನ್ನೆರಡು ತುಂಬುತ್ತೆ. ಒಂದ್ಸಲ ಗಾಜಿನ ಹೊರಗಿಂದ ನೋಡ್ತೀನಿ, ಅಷ್ಟೇ."

"ಬೀಗದ ಕೈ ಮಾವನ ಹತ್ತಿರ ಇದೆ" ಎಂದೆ.

ಬೀಗದ ಕೈ ನನ್ನ ಕೊರಳಲ್ಲಿತ್ತು.

ಸೆಪ್ಟೆಂಬರ್ 18, ಗುರುವಾರ

ಬರೆಯುವಂಥದ್ದೇನೂ ಇಲ್ಲ.

ಸೆಪ್ಟೆಂಬರ್ 19, ಶುಕ್ರವಾರ

ಇದೆ. ನ್ಯಾಯ, ನ್ಯಾಯ ಎಂದು ಎರಡು ವರ್ಷದಿಂದ ಬಡಬಡಿಸುತ್ತಿದ್ದವಳ ಕೈಗೆ ಜೀವಮಾನದಲ್ಲಿ ಮೊದಲ ಬಾರಿ ಒಂದು ನಿಜವಾದ ಮೊಕದ್ದಮೆ ಬಂತು. ನಾನು ಸಾಕ್ಷ್ಯವನ್ನು ಕಸದ ಗಾಡಿಗೆ ಹಾಕಿ, ಕಟಕಟೆಯನ್ನು ಸೋಪು ಹಾಕಿ ತೊಳೆದೆ. ಗಾಡಿ ಹೋಗುವ ತನಕ ಕಾವಲು ಬೇರೆ.

ಮುದ್ರಣಾಲಯದ ಗೋದಾಮಿನಲ್ಲಿ 'ಮನೆ ಮತ್ತು ಆರೋಗ್ಯ'ದ ಎರಡನೇ ಹಾಳೆ ಹುಡುಕಿದೆ. ಬಿಳಿಯ ಬಗ್ಗೆ ಏನಾದರೂ ತಿದ್ದುಪಡಿ ಇರಬಹುದೆಂದು. ಹದಿನೇಳನೇ ಪುಟ ನೆಲ ಒರೆಸುವ ದ್ರಾವಣದ ಜಾಹೀರಾತು. ಇಷ್ಟು ವರ್ಷ ನಾನು ಕಾಯುತ್ತಿದ್ದ ಪರಿಹಾರ.

ಸೆಪ್ಟೆಂಬರ್ 20, ಶನಿವಾರ

ಬೆಳಿಗ್ಗೆ ಹಲ್ಲುಜ್ಜುವಾಗ ನೆನಪಾಯಿತು: ಹೆಬ್ಬೆರಳಿನಷ್ಟು ತುಂಡು. ಬಾಯಿ ತೊಳೆಯದೆ ಓಡಿದೆ. ಕರಪತ್ರಗಳ ರಾಶಿಯ ನಡುವೆ, ಹಾಳೆಯಲ್ಲಿ ಸುತ್ತಿದಂತೆಯೇ ಇತ್ತು. ಅಂಚು ಒಣಗಿ ಗರಿಗರಿಯಾಗಿದೆ. ಬಿಳಿ ಹಾಗೇ ಇದೆ.

ಔಷಧಿ ಅಂಗಡಿಗೆ ಒಯ್ದೆ. ಬಳಗದ ಗೆಳೆಯ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದ.

"ಕೂದಲಿಲ್ಲ. ಮೂಲೆ ಮೂಲೆ ಇದೆ, ಕಲ್ಲುಸಕ್ಕರೆ ಹಾಗೆ. ಇದನ್ನ ಬೂಷ್ಟು ಅಂದವರ್ಯಾರು?"

"ಒಬ್ಬಳು."

"ಓದಿದವಳಾ?"

"ಅರ್ಧ."

ಒಂದು ಖಾಲಿ ಮಾತ್ರೆ ಸೀಸೆ ಕೇಳಿದೆ, ಬಿಗಿ ಮುಚ್ಚಳದ್ದು. ವಾಸನೆ ಹೋಗುವಂತೆ ತೊಳೆದು, ಇಡೀ ದಿನ ನೆರಳಲ್ಲಿ ಒಣಗಿಸಿ ತುಂಡನ್ನು ಹಾಕಿದೆ. ಬಿರಿದುಹೋಗದಿರಲಿ ಎಂದು ನೀರಲ್ಲಿ ನೆನೆಸಿ ಒರೆಸಿದ ಹಂಚಿನ ಚೂರನ್ನು ಮುಚ್ಚಳದ ಒಳಗೆ ಕೂರಿಸಿದೆ, ಮಾವ ಭಾನುವಾರದ ಪೈಪಿಗೆಂದು ಹೊರಗಿಟ್ಟುಕೊಂಡ ಚಿಕ್ಕ ಜಾಡಿಗೆ ಮಾಡುವಂತೆ. ನೀರು ತುಂಡಿಗೆ ತಾಗಬಾರದು, ತಾಗಿದರೆ ಹರಳು ಕರಗುತ್ತದೆ. ಬೀರುವಿನಲ್ಲಿ ಒಂದನೇ ನಂಬರಿನ ಖಾಲಿ ಜಾಗದಲ್ಲಿಟ್ಟೆ. ಚೀಟಿ ಬರೆದೆ: "ಉಳಿದದ್ದು."

ಸೆಪ್ಟೆಂಬರ್ 21, ಭಾನುವಾರ

ಬಳಗದ ಸಭೆ ರದ್ದು. ಬೆರಳಚ್ಚಿನವಳಿಗೆ ಬಿಸ್ಕತ್ತನ್ನು ಬಾಗಿಲಲ್ಲೇ ಕೊಟ್ಟು ಕಳಿಸಿದೆ. ಆಸ್ಪತ್ರೆಗೆ ಹೋದೆ.

"ಮಾವ, ಇಕ್ಕಳದವರು ಬಂದಿದ್ರು."

ಅವರು ಆ ಹೆಸರು ಕೇಳಿ ಕಣ್ಣು ಮುಚ್ಚಿದರು. ಹನ್ನೆರಡು ವರ್ಷದಿಂದ ಯಾರೂ ಅವರಿಗೆ ಆ ಹೆಸರು ಹೇಳಿರಲಿಕ್ಕಿಲ್ಲ.

"ನಿಮಗೆ ಗೊತ್ತಿತ್ತಾ? ಅದು ಬೂಷ್ಟಲ್ಲ ಅಂತ."

"ಮೂರು ವರ್ಷದಿಂದ."

"ಮೂರು ವರ್ಷ? ಯಾಕೆ ಹೇಳ್ಲಿಲ್ಲ?"

"ಮೊದಲನೇ ವರ್ಷ ಹೇಳಕ್ಕೆ ನಾಚಿಕೆ ಆಯ್ತು. ಎರಡನೇ ವರ್ಷ, ಮೊದಲನೇ ವರ್ಷ ಯಾಕೆ ಹೇಳ್ಲಿಲ್ಲ ಅಂತ ಕೇಳ್ತಾನಲ್ಲ ಅಂತ ನಾಚಿಕೆ. ಮೂರನೇ ವರ್ಷ ಅಭ್ಯಾಸ ಆಗೋಯ್ತು."

"ಅವತ್ತು ಸ್ಟೂಲು ಹತ್ತಿದ್ದು ಯಾಕೆ? ಅವರಿಗೆ ತೋರಿಸಕ್ಕಾ, ಬಿಸಾಕಕ್ಕಾ?"

"ಇಳಿಸಿಕೊಂಡು ಎದುರಿಗಿಟ್ಟು ತೀರ್ಮಾನ ಮಾಡೋಣ ಅಂತಿದ್ದೆ. ಅಷ್ಟರಲ್ಲಿ ಸ್ಟೂಲು ತೀರ್ಮಾನ ಮಾಡ್ತು."

ಪಕ್ಕದ ಹಾಸಿಗೆಯವನು ನಕ್ಕ. ನಾನು ನಗಲಿಲ್ಲ. ಒಂದು ವಾರದಿಂದ ಒಳಗೆ ತಿರುಗುತ್ತಿದ್ದ ಆ "ಒಳ್ಳೇದಾಯ್ತು ಬಿಡು" ಈಗ ಅರ್ಥವಾಯಿತು. ಎಂಟನೇ ಪುಟದಿಂದ ಶುರು ಮಾಡಿ ಹದಿನಾರರವರೆಗೆ ಬಾಯಿಗೆ ಬಂದದ್ದನ್ನೆಲ್ಲ ಅವರ ಮುಖದ ಮೇಲೆ ಹೇಳಬಹುದಿತ್ತು. ಬಾಯಿ ತೆರೆದೆ ಕೂಡ. ಆಗ ಕೊರಳಿನ ದಾರ ಕೆರೆಯಿತು. ಮುದುಕರ ಎದುರು ನಿಂತು "ಬೀಗದ ಕೈ ಮಾವನ ಹತ್ತಿರ ಇದೆ" ಎಂದವಳು ನಾನೇ. ಅವರದು ಮೂರು ವರ್ಷ, ನನ್ನದು ನಾಲ್ಕು ದಿನ. ಬಿಟ್ಟಿದ್ದರೆ ನನ್ನದೂ ಹಣ್ಣಾಗುತ್ತಿತ್ತು.

"ಇನ್ನೇನಿದೆ ತೋರಿಸಕ್ಕೆ?" ಎಂದರು ಮಾವ. "ನೀನು ತೊಳೆದಿಟ್ಟಿದ್ದೀಯ. ಬಿಡು, ಮುಗೀತು."

ತುಂಡಿನ ವಿಷಯ ಹೇಳಲಿಲ್ಲ. ಮೊದಲು ಹೇಳಬೇಕಾದ್ದು ಇವರಿಗಲ್ಲ.

ಸೆಪ್ಟೆಂಬರ್ 23, ಮಂಗಳವಾರ

ಕೆಲಸ ಮುಗಿಸಿ ಸೈಕಲ್ ಅಂಗಡಿಯ ಮೇಲಿನ ಕೋಣೆಗೆ ಹೋದೆ. ಮೆಟ್ಟಿಲು ಹದಿನಾರು. ಎಣಿಸಿದೆ, ಹದಿನೇಳನೆಯದು ಬಾಗಿಲು.

ಅವರು ಮೊಮ್ಮಗಳ ಪುಸ್ತಕಕ್ಕೆ ರಟ್ಟು ಹಾಕುತ್ತಿದ್ದರು. ಕಾಗದದ ಅಂಚನ್ನು ಹೆಬ್ಬೆರಳಿನಿಂದ ಎಷ್ಟು ನೇರವಾಗಿ ಒತ್ತುತ್ತಾರೆಂದರೆ, ನಮ್ಮ ಯಂತ್ರ ನಾಚಬೇಕು. ನಿಂತೇ ಹೇಳಿದೆ. ತಯಾರಿ ಮಾಡಿಕೊಂಡ ಮಾತು ಒಂದೂ ಬರಲಿಲ್ಲ.

"ಬೀಗದ ಕೈ ನನ್ನ ಹತ್ತಿರಾನೇ ಇತ್ತು. ಬಿಳಿ ನೋಡಿ ಬೂಷ್ಟು ಅಂದ್ಕೊಂಡು ನಾನೇ ಎಸೆದೆ. ಅವತ್ತು ನಿಮಗೆ ಸುಳ್ಳು ಹೇಳಿದೆ. ತಪ್ಪಾಯ್ತು."

ಹೆಬ್ಬೆರಳು ನಿಂತಿತು. ಕೆಳಗೆ ಯಾರೋ ತಿರುಗಿಸಿ ಬಿಟ್ಟ ಚಕ್ರವೂ ಟಿಕ್ ಟಿಕ್ ಎನ್ನುತ್ತ ನಿಂತಿತು.

"ಹೊಳೀತಿತ್ತಾ?"

"ಹೊಳೀತಿತ್ತು."

"ವಾಸನೆ?"

"ಒಣದ್ರಾಕ್ಷಿ. ಹೊಸ ಚಪ್ಪಲಿ. ಅಂಟು. ಅವತ್ತೇ ಬರೆದಿಟ್ಟಿದ್ದೀನಿ."

"ಚಾಕು ಹಾಕಿದಾಗ ಹೇಗಿತ್ತು, ಒಳಗೆ?"

"ಗಟ್ಟಿ. ಅಂಚಿಂದ ಅಂಚಿನವರೆಗೂ ಒಂದೇ ಬಣ್ಣ."

ಅವರು ತಲೆಯಾಡಿಸಿದರು, ಪಾಠ ಒಪ್ಪಿಸುವವರ ಮುಂದೆ ಮೇಷ್ಟ್ರು ಆಡಿಸುವಂತೆ. ಮಾತ್ರೆ ಸೀಸೆಯನ್ನು ಮೇಜಿನ ಮೇಲಿಟ್ಟೆ. ಅವರು ಮುಟ್ಟಲಿಲ್ಲ. ಕನ್ನಡಕ ಹಾಕಿಕೊಂಡು, ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ತಗೊಂಡು ಹೋಗು ಇದನ್ನ" ಎಂದರು ಕೊನೆಗೆ. "ನನಗೆ ಗೊತ್ತಿದ್ದದ್ದು ನನಗೆ ತೋರಿಸಿ ಏನಾಗ್ಬೇಕು? ನೀನು ಹೇಳಿದ್ರೂ ಸಾಲದು. ಅವನು ಹೇಳ್ಬೇಕು. ನಾಲ್ಕು ಜನರ ಮುಂದೆ ಅಂದ ಮಾತು ಅದು, ನಾಲ್ಕು ಜನರ ಮುಂದೇನೇ ವಾಪಸ್ ತಗೋಬೇಕು."

ಬಾಗಿಲಿಗೆ ಬಂದಾಗ ಹಿಂದಿನಿಂದ ಕೂಗಿದರು. "ಸೀಸೆ ಬಿಸಿಲಿಗೆ ಇಡಬೇಡ ಕಣಮ್ಮ."

"ಗೊತ್ತು" ಎಂದೆ.

ಸೆಪ್ಟೆಂಬರ್ 25, ಗುರುವಾರ

ಮುಚ್ಚಳಗಳನ್ನು ಒತ್ತಿದೆ. ನಲವತ್ತೂ ಗಟ್ಟಿ, ಸೀಸೆಯೂ ಗಟ್ಟಿ. ಆಮೇಲೆ ಅದನ್ನು ಕರವಸ್ತ್ರದಲ್ಲಿ ಸುತ್ತಿ ಆಸ್ಪತ್ರೆಗೆ ಒಯ್ದೆ.

ಮಾವ ಬೆಳಕಿಗೆ ಹಿಡಿಯಲಿಲ್ಲ. ಮುಚ್ಚಳವನ್ನು ಬೆರಳಿನಿಂದ ಒತ್ತಿ ನೋಡಿದರು, ಅಭ್ಯಾಸಬಲ.

"ಹಂಚಿನ ಚೂರು ಇಟ್ಟೋರ್ಯಾರು?"

"ನಾನೇ."

"ನೀರು ತಾಗಿಲ್ಲ ತಾನೆ?"

"ಎರಡು ಸಲ ಒರೆಸಿದ್ದೀನಿ."

ಇಕ್ಕಳದವರು ಹೇಳಿದ್ದನ್ನು ಹಾಗೇ ಹೇಳಿದೆ, ನನ್ನದೇನೂ ಸೇರಿಸದೆ. ಭಾಷಣ ಮಾಡಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗುವುದಿಲ್ಲ ಎಂದು ಗೊತ್ತಿತ್ತು. ನಾನು ಬ್ರೆಡ್ಡಿಗೆ ಬೆಣ್ಣೆ ಸವರಿದೆ.

"ಶನಿವಾರ ಬಿಡ್ತಾರಂತೆ ನನ್ನ" ಎಂದರು ಮಾವ. "ಅವನಿಗೆ ಭಾನುವಾರ ಬರಕ್ಕೆ ಹೇಳು. ಪ್ಯಾಕಿಂಗ್‌ನಲ್ಲಿದ್ದ ಇಬ್ಬರು ಹಳೇ ಕೆಲಸಗಾರರಿಗೂ ಹೇಳು. ಬೂಷ್ಟು ಅಂತ ಮೊದಲು ಕರೆದೋರು ಅವರೇ. ಆಗಿನ ವ್ಯವಸ್ಥಾಪಕರ ಮನೆ ಗೊತ್ತಲ್ಲ, ಅವರು ಬಂದ್ರೆ ಅವರಿಗೂ. ನಾನು ಕೂತೇ ಹೇಳ್ತೀನಿ, ನಿಲ್ಲಕ್ಕಾಗಲ್ಲ."

"ಎಷ್ಟು ಗಂಟೆಗೆ?"

"ನಾಲ್ಕು. ಅವತ್ತು ಬಿಲ್ಲೆ ಮುರಿದಾಗ ನಾಲ್ಕು ಗಂಟೆ ಸೈರನ್ ಕೂಗ್ತಿತ್ತು." ಬ್ರೆಡ್ಡು ತೆಗೆದುಕೊಂಡು, ಅರ್ಧ ತಿಂದು, ಕೇಳಿದರು: "ಆ ತುಂಡು ಎರಡು ಪೈಪಿಗೆ ಆಗುತ್ತಾ?"

"ಚಿಕ್ಕದಕ್ಕೆ ಆಗುತ್ತೆ. ಆದ್ರೆ ಕಿಟಕಿ ತೆರೆದಿಡ್ತೀನಿ. ಅದರಲ್ಲಿ ಮಾತಿಲ್ಲ."

"ಜಾಡಿಗಳಿಗೆ ಬಿಸಿಲು..."

"ಬೀರುವಿಗೆ ಪರದೆ ಹಾಕಿದ್ದೀನಿ ಮಾವ."

ಸೆಪ್ಟೆಂಬರ್ 26, ಶುಕ್ರವಾರ

ಜಾಡಿ ತೆರೆದ ದಿನ ನಾನು ನೋಡಿದ್ದನ್ನು ಭಾನುವಾರ ನಾನೂ ಹೇಳಬೇಕಂತೆ. ಬರೆದದ್ದನ್ನೇ ಓದಿಬಿಡು, ನಿನ್ನ ನೆನಪಿಗಿಂತ ಅದು ನೆಟ್ಟಗಿರುತ್ತೆ ಎಂದರು ಮಾವ. ಈ ದಿನಚರಿಯನ್ನು ಓದಬೇಕು, ಗಟ್ಟಿಯಾಗಿ, ಐದಾರು ಜನರ ಮುಂದೆ. ಹದಿನಾಲ್ಕನೇ ತಾರೀಖಿನ ಪುಟ ಮಾತ್ರ ಎಂದು ಮನಸ್ಸನ್ನು ಸಮಾಧಾನ ಮಾಡಿಕೊಂಡೆ. ಆದರೆ ಇಕ್ಕಳದವರು ಹಿಡಿದರೆ ಬಿಡುವುದಿಲ್ಲ, ಎರಡನೇ ತಾರೀಖಿನಿಂದಲೇ ಓದು ಎನ್ನಬಹುದು. ಸಂಗ್ರಹಕೋರ, ಮುದುಕನ ಮೂಗು, ಎಲ್ಲವನ್ನೂ ಮಾವ ಪಕ್ಕದಲ್ಲೇ ಕೂತು ಕೇಳಬೇಕು. ಹರಿದುಹಾಕೋಣವೆಂದು ಆ ಹಾಳೆ ಹಿಡಿದೆ. ಬಿಟ್ಟೆ. ಈ ತಿಂಗಳ ಪಾಲಿನ ಸಾಕ್ಷ್ಯ ನಾಶ ಮಾಡಿ ಆಗಿದೆ.

ಊಟದ ಬಿಡುವಿನಲ್ಲಿ, ಮಿಕ್ಕ ಹಾಳೆಯ ಮೇಲೆ ಆಹ್ವಾನ ಅಚ್ಚು ಹಾಕಿದೆ. ಯಂತ್ರದವನು ಓದಿ, "ಇಷ್ಟೇನಾ? ಘೋಷಣೆ ಎಲ್ಲಿ?" ಎಂದ. ಮರೆತಿದ್ದೆ. ಈಗ ಸೇರಿಸಲು ಜಾಗವೂ ಇಲ್ಲ. ಮಡಚುವಾಗ ಅಂಚನ್ನು ಹೆಬ್ಬೆರಳಿನಿಂದ ಒತ್ತಿದೆ. ಸೈಕಲ್ ಅಂಗಡಿಯ ಮೇಲಿನ ಕೋಣೆಗೆ ಮೊದಲನೆಯದನ್ನು ಈಗ ಒಯ್ಯುತ್ತೇನೆ. ಅದರಲ್ಲಿರುವುದು ಇಷ್ಟು:

"ಇಕ್ಕಳದವರು ಒತ್ತಿದ ಬಿಲ್ಲೆಯ ಉಳಿದ ಒಂದು ತುಂಡನ್ನು ನೋಡಲು, ಮಿಶ್ರಣದ ಮೇಸ್ತ್ರಿಯ ಮಾತನ್ನು ಕೇಳಲು, ದಯವಿಟ್ಟು ಬನ್ನಿ. ಹಿಂದಿನ ಕೋಣೆ. ಸೆಪ್ಟೆಂಬರ್ 28, ಭಾನುವಾರ, ಸಂಜೆ ನಾಲ್ಕು ಗಂಟೆಗೆ."